ಅಟ್ಟದ ಬೆಕ್ಕು ಒಳಮನೆಗೆ ಬಂದಾಗ

ತಿಪಟೂರು ಕಡೆಯ ತೋಟದ ಮನೆಗಳಲ್ಲಿ ಬೆಕ್ಕಿಗೊಂದು ಕೆಲಸವಿತ್ತು. ಉಂಡೆ ಕೊಬ್ಬರಿಗೆಂದು ಅಟ್ಟಕ್ಕೇರಿಸಿದ ಕಾಯಿ ಹತ್ತು-ಹನ್ನೊಂದು ತಿಂಗಳು ಅಲ್ಲೇ ಒಣಗಬೇಕು. ಅಷ್ಟು ದಿನ ಇಲಿ ಕಾಯಲು ಬೆಕ್ಕು ಬೇಕು. ಬೆಳಿಗ್ಗೆ ಹಾಲು ಕರೆದಾಗ ಒಂದು ಕರಟ ಹಾಲು, ಮಧ್ಯಾಹ್ನ ಒಂದು ಹಿಡಿ ಮೊಸರನ್ನ, ಮಿಕ್ಕಿದ್ದನ್ನು ಅದೇ ನೋಡಿಕೊಳ್ಳುತ್ತಿತ್ತು. ಈಗ ಆ ಬೆಕ್ಕಿನ ಮೊಮ್ಮಕ್ಕಳು ತುಮಕೂರಿನ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ, ಕಿಟಕಿಗೆ ಜಾಲರಿ ಹೊಡೆದ ಹಾಲ್‌ನಲ್ಲಿ ಮಲಗಿವೆ. ಹಾಲು, ಮೊಸರನ್ನ ಹಾಗೇ ಮುಂದುವರಿದಿದೆ. ಆ ‘ಮಿಕ್ಕಿದ್ದು’ ಮಾತ್ರ ಇಲ್ಲ. ಹಿಡಿಯಲು ಇಲಿ ಇಲ್ಲ, ಕೆದಕಲು ಮಣ್ಣಿಲ್ಲ, ಉಗುರು ಪರಚಲು ತೆಂಗಿನ ಬುಡವಿಲ್ಲ. ಒಳಮನೆ ಬೆಕ್ಕಿನ ತಾಪತ್ರಯಗಳಲ್ಲಿ ಮುಕ್ಕಾಲು ಪಾಲು ಇಲ್ಲಿಂದಲೇ ಶುರು. ಆ ‘ಮಿಕ್ಕಿದ್ದನ್ನು’ ಮನೆಯೊಳಗೆ ಒಂದೊಂದಾಗಿ ಒದಗಿಸುವುದು ಹೇಗೆ ಅಂತ ನೋಡೋಣ.

ಮರಿ ಸಿಕ್ಕಿದರೆ

ಸೌದೆ ರಾಶಿಯ ಹಿಂದೆ ಮರಿಗಳು ಕಂಡ ಕೂಡಲೇ ಎತ್ತಿಕೊಂಡು ಬರಬೇಡಿ. ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದೆ ಅನ್ನುವ ಮಾತು ಸುಮ್ಮನೆ ಹುಟ್ಟಿದ್ದಲ್ಲ. ತಾಯಿ ಜಾಗ ಬದಲಿಸುವಾಗ ಒಂದೊಂದೇ ಮರಿಯನ್ನು ಕಚ್ಚಿಕೊಂಡು ಹೋಗುತ್ತದೆ. ‘ಅನಾಥ’ವಾಗಿ ಕಂಡ ಮರಿ ಎಷ್ಟೋ ಸಲ ಮುಂದಿನ ಸರದಿಯದು. ದೂರ ನಿಂತು ಮೂರು-ನಾಲ್ಕು ಗಂಟೆ ನೋಡಿ. ಹೊಟ್ಟೆ ಗುಂಡಗಿದ್ದು ಮರಿಗಳು ಒಂದರ ಮೇಲೊಂದು ಬಿದ್ದು ನಿದ್ದೆ ಮಾಡುತ್ತಿದ್ದರೆ ತಾಯಿ ಹತ್ತಿರದಲ್ಲೇ ಇದೆ ಎಂದರ್ಥ. ಬಿಟ್ಟೂ ಬಿಡದೆ ಅಳುತ್ತಿದ್ದು, ಮುಟ್ಟಿದರೆ ಮೈ ತಣ್ಣಗಿದ್ದರೆ ಆಗ ಎತ್ತಿಕೊಳ್ಳಿ.

ಎತ್ತಿಕೊಂಡ ಮೇಲೆ ಮೊದಲು ಶಾಖ, ಆಮೇಲೆ ಹಾಲು. ಈ ಕ್ರಮ ತಪ್ಪಿದ್ದರಿಂದ ಸಾಯುವ ಮರಿಗಳೇ ಜಾಸ್ತಿ. ತಣ್ಣಗಾದ ಮರಿಯ ಹೊಟ್ಟೆ ಕೆಲಸ ಮಾಡುವುದಿಲ್ಲ, ಕುಡಿಸಿದ ಹಾಲು ಒಳಗೇ ಕೊಳೆಯುತ್ತದೆ. ನೀರಿನ ಬಾಟಲಿಗೆ ಬಿಸಿನೀರು ತುಂಬಿ, ಟವೆಲಿನಲ್ಲಿ ಎರಡು ಸುತ್ತು ಸುತ್ತಿ ರಟ್ಟಿನ ಪೆಟ್ಟಿಗೆಯ ಒಂದು ಮೂಲೆಯಲ್ಲಿಡಿ. ಸೆಖೆಯಾದರೆ ಮರಿ ಪಕ್ಕಕ್ಕೆ ಸರಿಯಲು ಇನ್ನೊಂದು ಮೂಲೆ ಖಾಲಿ ಇರಲಿ.

ಹಾಲೆಂದರೆ ಬೆಕ್ಕಿನ ಮರಿಗೆಂದೇ ಸಿಗುವ ಹಾಲಿನ ಪುಡಿ. ಹಸುವಿನ ಹಾಲು ಕೊಟ್ಟರೆ ಭೇದಿ, ಭೇದಿಯಾದರೆ ಆ ಅಂಗೈಯಗಲದ ಜೀವ ಒಂದೇ ದಿನದಲ್ಲಿ ಒಣಗಿಹೋಗುತ್ತದೆ. ಪುಡಿ ತರಿಸುವವರೆಗೆ ಒಂದೆರಡು ಹೊತ್ತು ಮೇಕೆ ಹಾಲಿನಲ್ಲಿ ದೂಡಬಹುದು, ಅದನ್ನೇ ಮುಂದುವರಿಸಬಾರದು. ಒಂದು ಸಲಕ್ಕೆ 100 ಗ್ರಾಂ ತೂಕಕ್ಕೆ ಸುಮಾರು 4 ಎಂ.ಎಲ್. ಮೀರಬೇಡಿ. ಮೊದಲ ಎರಡು ವಾರ ಎರಡು-ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ. ಮಗುವಿನ ಹಾಗೆ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ತಾಯಿಯ ಹತ್ತಿರ ಕುಡಿಯುವಂತೆ ಬೋರಲಾಗಿ, ತಲೆ ಸ್ವಲ್ಪ ಮೇಲೆ. ಕುಡಿಸಿದ ಮೇಲೆ ಬೆಚ್ಚನೆ ನೀರಿನಲ್ಲಿ ಅದ್ದಿದ ಹತ್ತಿಯಿಂದ ಹಿಂಭಾಗ ಮೆಲ್ಲಗೆ ಒರೆಸಿ. ಮೂರು ವಾರ ತುಂಬುವವರೆಗೆ ಮರಿ ತಾನಾಗಿ ಉಚ್ಚೆ ಹೊಯ್ಯಲಾರದು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನಾ ಒಂದೇ ಹೊತ್ತಿಗೆ ತೂಗಿ. ದಿನಕ್ಕೆ 10 ಗ್ರಾಂ ಏರಬೇಕು. ಒಂದು ದಿನ ಏರದಿದ್ದರೆ ಮರುದಿನಕ್ಕೆ ಕಾಯದೆ ವೈದ್ಯರಿಗೆ ತೋರಿಸಿ.

ತಾಯಿಯಿರುವ ಮರಿಯನ್ನು ಬೇರೆಯವರಿಂದ ತರುವುದಾದರೆ ಎಂಟು ವಾರ ತುಂಬಿರಲಿ. ಮುದ್ದಾಗಿದೆ ಅಂತ ನಾಲ್ಕು ವಾರಕ್ಕೇ ತಂದ ಮರಿ ದೊಡ್ಡದಾದ ಮೇಲೂ ಕೈ ಕಚ್ಚುತ್ತದೆ, ಏಕೆಂದರೆ ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಅದು ಕಲಿಯಬೇಕಿದ್ದದ್ದು ಒಡಹುಟ್ಟಿದವುಗಳ ಹತ್ತಿರ.

ಮೊಸರನ್ನದ ಲೆಕ್ಕ

‘ನಮ್ಮಜ್ಜಿ ಮನೆ ಬೆಕ್ಕು ಹದಿನಾಲ್ಕು ವರ್ಷ ಮೊಸರನ್ನ ತಿಂದೇ ಬದುಕಿತ್ತು’ ಅನ್ನುವವರು ಎಲ್ಲ ಬೀದಿಯಲ್ಲೂ ಸಿಗುತ್ತಾರೆ. ಅಜ್ಜಿ ಹಾಕುತ್ತಿದ್ದದ್ದು ಮೊಸರನ್ನವೇ ಇರಬಹುದು. ರಾತ್ರಿ ಅಟ್ಟದ ಮೇಲೆ ಅದು ಏನು ತಿಂತು ಅಂತ ಅಜ್ಜಿಗೆ ಗೊತ್ತಿಲ್ಲ. ಬೆಕ್ಕಿಗೆ ಟಾರಿನ್ ಎಂಬ ಪದಾರ್ಥ ದಿನವೂ ಬೇಕು. ಬೇಕಾದಷ್ಟನ್ನು ಅದರ ಮೈ ತಾನೇ ಮಾಡಿಕೊಳ್ಳಲಾರದು. ಅದು ಇರುವುದು ಮಾಂಸ, ಮೀನಿನಲ್ಲಿ. ಅನ್ನ, ರಾಗಿ, ಬೇಳೆ, ತರಕಾರಿಯಲ್ಲಿ ಇಲ್ಲ. ತಿಂಗಳುಗಟ್ಟಲೆ ಸಿಗದಿದ್ದರೆ ಕಣ್ಣಿನ ಒಳಪರದೆ ಹಾಳಾಗಿ ಕುರುಡಾಗುತ್ತದೆ, ಹೃದಯದ ಗೋಡೆ ತೆಳುವಾಗಿ ಹಿಗ್ಗುತ್ತದೆ. ಹೋದ ದೃಷ್ಟಿ ಮರಳುವುದಿಲ್ಲ. ಬಾಗಿಲು ಮುಚ್ಚಿದ ಮನೆಯಲ್ಲಿ ಬರೀ ಮೊಸರನ್ನ ಹಾಕುವುದೆಂದರೆ ಬೆಕ್ಕನ್ನು ನಿಧಾನವಾಗಿ ಉಪವಾಸ ಕೆಡವಿದಂತೆ.

ಮಾಂಸ ಒಳಗೆ ತರದ ಮನೆಯಾದರೆ ಅದಕ್ಕೂ ದಾರಿಯಿದೆ. ‘ಕಂಪ್ಲೀಟ್’ ಎಂದು ಮುದ್ರಿಸಿದ, ಬೆಕ್ಕಿಗೆಂದೇ ಮಾಡಿದ ಡ್ರೈ ಫುಡ್ ಹಾಕಿದರೆ ಒಲೆಗೆ ಏನನ್ನೂ ಏರಿಸಬೇಕಿಲ್ಲ. 4 ಕೆ.ಜಿ. ತೂಗುವ, ಮನೆಯೊಳಗೇ ಇರುವ ಬೆಕ್ಕಿಗೆ ದಿನಕ್ಕೆ 50ರಿಂದ 60 ಗ್ರಾಂ, ಎರಡು-ಮೂರು ಹೊತ್ತಾಗಿ ಹಂಚಿ. ತಟ್ಟೆ ಯಾವಾಗಲೂ ತುಂಬಿಟ್ಟರೆ ವರ್ಷದಲ್ಲಿ ಬೆಕ್ಕು ಕುಂಬಳಕಾಯಿಯಾಗುತ್ತದೆ. ನಾಯಿಯ ಫುಡ್ ಅಗ್ಗ ಅಂತ ಅದನ್ನೇ ಹಾಕಬೇಡಿ. ನಾಯಿ ಟಾರಿನ್ ಅನ್ನು ತಾನೇ ಮಾಡಿಕೊಳ್ಳಬಲ್ಲದು, ಹಾಗಾಗಿ ಅದರ ಆಹಾರದಲ್ಲಿ ಬೆಕ್ಕಿಗೆ ಬೇಕಾದಷ್ಟು ಇರುವುದಿಲ್ಲ.

ಮಾಂಸ ಬೇಯಿಸುವ ಮನೆಯಾದರೆ 30 ಗ್ರಾಂ ಡ್ರೈ ಫುಡ್ಡಿನ ಜೊತೆ 70-80 ಗ್ರಾಂ ಬೇಯಿಸಿದ ಕೋಳಿ ಒಂದು ದಿನಕ್ಕೆ ಸರಿಹೋಗುತ್ತದೆ. ಒಗ್ಗರಣೆಗೆ ಮುಂಚೆಯೇ ಬೆಕ್ಕಿನ ಪಾಲು ತೆಗೆದಿಡಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೆಂದು ಸಾರಿನಲ್ಲಿ ಕರಗಿದ ಮಾತ್ರಕ್ಕೆ ಆ ಗುಣ ಹೋಗುವುದಿಲ್ಲ. ಬೆಂದ ಮೂಳೆ ಚೂರಿಯಂತೆ ಸೀಳುತ್ತದೆ, ಬಿಡಿಸಿ ಹಾಕಿ. ಲಿವರ್ ವಾರಕ್ಕೆ ಒಂದೆರಡು ಸಣ್ಣ ತುಂಡು ಸಾಕು; ದಿನಾ ಕೊಟ್ಟರೆ ‘ಎ’ ಜೀವಸತ್ವ ಮೈಯಲ್ಲಿ ಶೇಖರವಾಗಿ ಕತ್ತು, ಕೀಲು ಬಿಗಿಯುತ್ತದೆ. ಬರೀ ಕೋಳಿ ಮಾಂಸವೇ ಊಟವಾದರೂ ತಪ್ಪೇ, ಅದರಲ್ಲಿ ಸುಣ್ಣದಂಶವಿಲ್ಲ. ಇಲಿ ತಿನ್ನುವ ಬೆಕ್ಕು ಮೂಳೆಸಮೇತ ತಿನ್ನುತ್ತಿತ್ತು.

ಹಾಲಿನ ವಿಷಯಕ್ಕೆ ಬಂದರೆ, ದೊಡ್ಡ ಬೆಕ್ಕಿಗೂ ಅದು ಅನ್ನವಲ್ಲ, ಚಪಲ. ಕೆಲವಕ್ಕೆ ಒಗ್ಗುತ್ತದೆ, ಬಹುಪಾಲಿಗೆ ಹೊಟ್ಟೆ ಕೆಡುತ್ತದೆ. ತೆನಾಲಿ ರಾಮನ ಬೆಕ್ಕಿನ ಹಾಗೆ ಹಾಲು ಕಂಡರೆ ಓಡುವಂತೆ ಮಾಡಬೇಕಿಲ್ಲ, ಬಟ್ಟಲು ತುಂಬಾ ಸುರಿಯದಿದ್ದರೆ ಸಾಕು.

ಆಹಾರ ಬದಲಿಸುವುದಿದ್ದರೆ ಏಳು ದಿನ ತೆಗೆದುಕೊಂಡು ಹಳೆಯದರಲ್ಲಿ ಹೊಸದನ್ನು ಬೆರೆಸುತ್ತಾ ಹೋಗಿ. ‘ಹಸಿವಾದರೆ ತಾನೇ ತಿನ್ನುತ್ತೆ ಬಿಡು’ ಅನ್ನುವ ಹಟ ಬೆಕ್ಕಿನ ಹತ್ತಿರ ನಡೆಯದು. ಎರಡು ದಿನ ಪೂರ್ತಿ ಉಪವಾಸವಿದ್ದರೆ, ಅದರಲ್ಲೂ ದಪ್ಪಗಿರುವ ಬೆಕ್ಕಿನಲ್ಲಿ, ಕೊಬ್ಬು ಕರಗಿ ಬಂದು ಲಿವರಿನಲ್ಲಿ ತುಂಬಿಕೊಂಡು ಪ್ರಾಣಕ್ಕೇ ಬರುತ್ತದೆ.

ನಾರಿನ ಪುಡಿ

ಬೆಕ್ಕಿನ ಮಲಮೂತ್ರಕ್ಕೆಂದು ಟಬ್ಬಿಗೆ ಹಾಕುವ ಪೇಟೆಯ ಲಿಟರ್ ದುಬಾರಿ ಅನ್ನಿಸಿದರೆ ನಮ್ಮ ಜಿಲ್ಲೆಯವರಿಗೆ ಸುಲಭದ ಬದಲಿ ಇದೆ: ತೆಂಗಿನ ನಾರಿನ ಪುಡಿ. ನರ್ಸರಿಗಳಲ್ಲಿ ಇಟ್ಟಿಗೆ ಮಾಡಿ ಮಾರುವ ಕೊಕೊಪೀಟ್ ಇದೇ. ತಿಪಟೂರು, ಗುಬ್ಬಿ ಕಡೆ ನಾರು ತೆಗೆಯುವ ಘಟಕಗಳ ಪಕ್ಕದಲ್ಲಿ ಇದರ ಗುಡ್ಡೆಯೇ ಬಿದ್ದಿರುತ್ತದೆ. ಹೀರುವ ಗುಣ ಚೆನ್ನಾಗಿದೆ, ವಾಸನೆ ಕಟ್ಟುತ್ತದೆ, ಬಳಸಿದ ಮೇಲೆ ಮಲ ತೆಗೆದು ಹೂವಿನ ಗಿಡದ ಬುಡಕ್ಕೆ ಸುರಿಯಬಹುದು. ಸೊಪ್ಪು, ತರಕಾರಿ ಮಡಿಗೆ ಮಾತ್ರ ಬೇಡ.

ಗುಡ್ಡೆಯಿಂದ ತಂದದ್ದಾದರೆ ಜರಡಿ ಹಿಡಿದು ಉದ್ದದ ನಾರು ತೆಗೆಯಿರಿ. ಉಗುರಿಗೆ ಸಿಕ್ಕಿಕೊಂಡರೆ ಬೆಕ್ಕು ಆ ಟಬ್ಬಿಗೆ ಮತ್ತೆ ಕಾಲಿಡುವುದಿಲ್ಲ. ತಾರಸಿಯ ಮೇಲೆ ತೆಳುವಾಗಿ ಹರಡಿ ಎರಡು-ಮೂರು ದಿನ ಬಿಸಿಲಿಗೆ ಹಾಕಿ. ಮುಷ್ಟಿಯಲ್ಲಿ ಹಿಂಡಿ ಬಿಟ್ಟಾಗ ಉಂಡೆ ಕಟ್ಟದೆ ಉದುರಿದರೆ ಹದ ಬಂದಿದೆ. ಹಸಿಯಿದ್ದರೆ ಪಾದಕ್ಕೆ ಅಂಟಿ, ಮೊಸಾಯಿಕ್ ನೆಲದ ಮೇಲೆಲ್ಲ ಕಂದು ಹೆಜ್ಜೆ ಮೂಡುತ್ತದೆ. ಎರಡಡಿ ಉದ್ದ, ಆರಿಂಚು ಎತ್ತರದ ಪ್ಲಾಸ್ಟಿಕ್ ಟಬ್ಬಿಗೆ ಎರಡರಿಂದ ಮೂರಿಂಚು ಹಾಕಿ. ಮರಿಯಾದರೆ ಟಬ್ಬಿನ ಒಂದು ಬದಿ ಮೂರಿಂಚಿಗೆ ಕತ್ತರಿಸಿಕೊಡಿ.

ಒಲೆಯ ಬೂದಿ ಹಾಕುವ ರೂಢಿ ಹಳ್ಳಿಗಳಲ್ಲಿದೆ. ಬೂದಿ ಕ್ಷಾರ, ಒದ್ದೆಯಾದಾಗ ಪಾದ ಸುಡುತ್ತದೆ, ನೆಕ್ಕಿದರೆ ಬಾಯಿಯೂ ಸುಡುತ್ತದೆ. ಎಂ-ಸ್ಯಾಂಡ್ ಹೀರುವುದಿಲ್ಲ, ಉಚ್ಚೆ ತಳದಲ್ಲಿ ನಿಲ್ಲುತ್ತದೆ. ಮರದ ಹೊಟ್ಟು ಆಗಬಹುದು, ಪ್ಲೈವುಡ್ ಕೊಯ್ದ ಹೊಟ್ಟಾಗಿರಬಾರದು, ಅದರಲ್ಲಿ ಅಂಟು ಸೇರಿರುತ್ತದೆ.

ಒಂದು ಬೆಕ್ಕಿಗೆ ಎರಡು ಟಬ್, ಎರಡಕ್ಕೆ ಮೂರು. ಊಟದ ತಟ್ಟೆಯಿಂದ ದೂರ, ವಾಷಿಂಗ್ ಮಷೀನ್ ಗಡಗಡ ಅನ್ನದ ಕಡೆ. ಮಲ ದಿನಾ ತೆಗೆಯಲೇಬೇಕು. ವಾಸನೆಯೊಂದೇ ಕಾರಣವಲ್ಲ, ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಮಲದಲ್ಲಿ ಬಿದ್ದರೂ ಅದು ಸೋಂಕು ತಗಲಿಸುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ದಿನಾ ತೆಗೆದರೆ ಅದಕ್ಕೆ ಸಮಯವೇ ಸಿಗದು. ಮನೆಯಲ್ಲಿ ಬಸುರಿ ಇದ್ದರೆ ಬೆಕ್ಕನ್ನು ಹೊರಗೆ ಬಿಟ್ಟು ಬರಬೇಕಿಲ್ಲ, ಟಬ್ ತೊಳೆಯುವ ಕೆಲಸ ಬೇರೆಯವರು ಮಾಡಲಿ.

ತೊಳೆಯಲು ಸೋಪಿನ ನೀರು ಸಾಕು. ಫಿನಾಯಿಲ್ ಬೇಡ. ನೀರಿಗೆ ಬಿದ್ದ ಕೂಡಲೇ ಹಾಲಿನಂತೆ ಬೆಳ್ಳಗಾಗುವ ಆ ಬಗೆಯ ದ್ರವಗಳನ್ನು ಬೆಕ್ಕಿನ ಲಿವರ್ ಅರಗಿಸಲಾರದು. ಒರೆಸಿದ ನೆಲದ ಮೇಲೆ ನಡೆದು, ಕೂತು ಪಾದ ನೆಕ್ಕಿಕೊಂಡರೆ ವಿಷ ಒಳಗೆ ಹೋಯಿತು.

ಉಚ್ಚೆ ಕಟ್ಟಿದರೆ ಆ ರಾತ್ರಿಯೇ ಹೊರಡಿ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಸಮಯವಿದ್ದರೆ ಇದನ್ನು ಓದಿ, ಮುಖ್ಯವಾಗಿ ಗಂಡು ಬೆಕ್ಕಿದ್ದರೆ.

ಗಂಡು ಬೆಕ್ಕಿನ ಮೂತ್ರನಾಳ ತೀರಾ ಸಣ್ಣದು. ಉಚ್ಚೆಯಲ್ಲಿನ ಹರಳು, ಲೋಳೆ ಸೇರಿ ಬಿರಡೆಯಂತೆ ಕೂತುಬಿಡುತ್ತದೆ. ಬೆಕ್ಕು ಟಬ್ಬಿಗೆ ಹೋಗಿ ಕೂರುತ್ತದೆ, ತಿಣುಕುತ್ತದೆ, ಏನೂ ಬರುವುದಿಲ್ಲ ಅಥವಾ ಎರಡು ಹನಿ, ಅದೂ ಕೆಂಪಗೆ. ಎದ್ದು ಹೋಗಿ ಐದು ನಿಮಿಷಕ್ಕೆ ಮತ್ತೆ ಬರುತ್ತದೆ. ಕೂಗುತ್ತದೆ, ಅಲ್ಲೇ ನೆಕ್ಕಿಕೊಳ್ಳುತ್ತದೆ, ಆಮೇಲೆ ಮಂಚದ ಕೆಳಗೆ ಸೇರುತ್ತದೆ, ವಾಂತಿ ಮಾಡುತ್ತದೆ. ನೋಡಿದವರಿಗೆ ಮಲಬದ್ಧತೆ ಅನ್ನಿಸುವುದು ಸಹಜ. ಒಂದು ಚಮಚ ಹರಳೆಣ್ಣೆ ಕುಡಿಸಿ ಬೆಳಿಗ್ಗೆ ನೋಡೋಣ ಅಂತ ಮಲಗಿಬಿಡುತ್ತಾರೆ. ಮೂತ್ರ ಪೂರ್ತಿ ಕಟ್ಟಿದ ಬೆಕ್ಕಿಗೆ ಇರುವ ಅವಧಿ 24ರಿಂದ 48 ಗಂಟೆ. ಹೊರಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯ ನಿಲ್ಲುತ್ತದೆ.

ಪತ್ತೆ ಹೀಗೆ: ನಾರಿನ ಪುಡಿ ಒದ್ದೆಯಾಗಿದೆಯಾ ಬೆರಳಾಡಿಸಿ ನೋಡಿ. ಹಿಂಗಾಲುಗಳ ಮುಂದೆ ಹೊಟ್ಟೆಯ ತಳದಲ್ಲಿ ನಿಂಬೆಹಣ್ಣಿನಿಂದ ಮೋಸಂಬಿ ಗಾತ್ರದ ಗಟ್ಟಿ ಗುಂಡು ಕೈಗೆ ಸಿಗಬಹುದು. ಅದನ್ನು ಒತ್ತಬೇಡಿ, ಒಡೆದರೆ ಮುಗಿಯಿತು. ಕೆಲಸ ವೈದ್ಯರದು: ಮಂಪರು ಕೊಟ್ಟು ಸಣ್ಣ ಕೊಳವೆ (ಕ್ಯಾತಿಟರ್) ತೂರಿಸಿ ತೆರೆಯಬೇಕು. ಊರಿನ ಪಶುವೈದ್ಯರಿಗೆ ಫೋನ್ ಮಾಡಿ ಬೆಕ್ಕಿನ ಕ್ಯಾತಿಟರ್ ಇದೆಯಾ ಅಂತ ಮೊದಲು ಕೇಳಿ. ಇಲ್ಲ ಅಂದರೆ ಬೆಂಗಳೂರು ದಾರಿ ಹಿಡಿಯಿರಿ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ತುಮಕೂರಿನಿಂದ ಸುಮಾರು 70 ಕಿ.ಮೀ. ರಾತ್ರಿ ಹೊತ್ತಾದರೆ ಯಾವ ಆಸ್ಪತ್ರೆ ತೆರೆದಿರುತ್ತದೆ ಎಂಬುದನ್ನು ಬೆಕ್ಕು ಆರೋಗ್ಯವಾಗಿರುವಾಗಲೇ ವಿಚಾರಿಸಿ, ನಂಬರನ್ನು ಫ್ರಿಜ್ ಮೇಲೆ ಅಂಟಿಸಿಡಿ.

ಬಾರದಂತೆ ತಡೆಯುವ ದಾರಿಯಲ್ಲಿ ದೊಡ್ಡದು ನೀರು. ಇಲಿಯ ಮೈಯಲ್ಲಿ ಮುಕ್ಕಾಲು ಪಾಲಿನ ಹತ್ತಿರ ನೀರೇ. ಡ್ರೈ ಫುಡ್ಡಿನಲ್ಲಿ ನೂರಕ್ಕೆ ಹತ್ತರಷ್ಟು. 4 ಕೆ.ಜಿ. ಬೆಕ್ಕಿಗೆ ಊಟದ ನೀರೂ ಸೇರಿ ದಿನಕ್ಕೆ ಸುಮಾರು 200 ಎಂ.ಎಲ್. ಬೇಕು, ಆದರೆ ತಾನಾಗಿ ಕುಡಿಯುವುದರಲ್ಲಿ ಬೆಕ್ಕು ಸೋಮಾರಿ. ಡ್ರೈ ಫುಡ್ಡಿಗೆ ಎರಡು ಚಮಚ ಬೆಚ್ಚಗಿನ ನೀರು ಬೆರೆಸಿ. ಉಪ್ಪು-ಖಾರ ಬೀಳದ ಕೋಳಿ ಬೇಯಿಸಿದ ನೀರು ಇನ್ನೂ ಒಳ್ಳೆಯದು. ನೀರಿನ ಬಟ್ಟಲು ಅಗಲವಾಗಿರಲಿ, ಮೀಸೆ ಅಂಚಿಗೆ ತಾಗಬಾರದು. ಮನೆಯ ಮೂರು ಕಡೆ ಇಡಿ. ಕುಂಬಾರರ ಮಣ್ಣಿನ ಬಟ್ಟಲಿನಲ್ಲಿ ಬೇಸಿಗೆಯಲ್ಲೂ ನೀರು ತಣ್ಣಗಿರುತ್ತದೆ. ನಲ್ಲಿಯ ಹೇಮಾವತಿ ನೀರೋ ಶುದ್ಧ ನೀರಿನ ಘಟಕದ ಕ್ಯಾನ್ ನೀರೋ, ನೀವು ಕುಡಿಯುವುದನ್ನೇ ಅದಕ್ಕೂ ಕೊಡಿ.

ಕಪಾಟು, ಕೊಟ್ಟಿಗೆ, ಅಟ್ಟ

ಬೆಕ್ಕಿನ ಮೈ ಕೆಲವು ರಾಸಾಯನಿಕಗಳ ಮುಂದೆ ಕೈಚೆಲ್ಲುತ್ತದೆ. ಅವೆಲ್ಲ ನಮ್ಮ ಮನೆಯಲ್ಲೇ ಇವೆ.

ಜ್ವರದ ಮಾತ್ರೆ, ಅಂದರೆ ಪ್ಯಾರಾಸಿಟಮಾಲ್. ಬೆಕ್ಕು ಮಂಕಾಗಿದೆ, ಮೈ ಬಿಸಿಯಿದೆ ಅಂತ ಕಾಲು ಮಾತ್ರೆ ಅರೆದು ಕುಡಿಸಿದರೂ ಸಾಯಬಹುದು. ವಸಡು ಕಂದಾಗುತ್ತದೆ, ಮುಖ, ಪಾದ ಊದುತ್ತದೆ, ಉಸಿರು ಸಿಕ್ಕದು. ಮಕ್ಕಳ ಸಿರಪ್ಪೂ ಅದೇ.

ಎರಡನೆಯದು ಉಣ್ಣೆ ಹುಳದ ಔಷಧಿ. ಹಸುವಿಗೆ ಹೊಡೆಯುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ನಾಯಿಯ ಕತ್ತಿಗೆ ಹಾಕುವ ಪರ್ಮೆಥ್ರಿನ್ ಡ್ರಾಪ್ಸ್ ಒಂದೇ ಕುಲದವು. ಚಿಗಟ ಬಿದ್ದಿದೆ ಅಂತ ಕೊಟ್ಟಿಗೆಯ ಬಾಟಲಿಯಿಂದ ನಾಲ್ಕು ಹನಿ ಬೆಕ್ಕಿಗೂ ಸವರಿದರೆ ಕೆಲವೇ ಗಂಟೆಗಳಲ್ಲಿ ಮೈ ನಡುಕ, ಫಿಟ್ಸ್. ಹಾಗೇನಾದರೂ ಆಗಿದ್ದರೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನ ದ್ರವದಲ್ಲಿ ತೊಳೆದು, ಒರೆಸಿ, ಬೆಚ್ಚಗೆ ಸುತ್ತಿ ಆಸ್ಪತ್ರೆಗೆ ಓಡಿ. ಬೆಕ್ಕಿಗೆ ಬಳಸಬಹುದು ಎಂದು ಬರೆದಿರುವುದನ್ನು, ತೂಕ ನೋಡಿ, ವೈದ್ಯರಿಂದಲೇ ಪಡೆಯಿರಿ. ಮಲದ ಸುತ್ತ ಅಕ್ಕಿಕಾಳಿನಂಥವು ಅಂಟಿದ್ದರೆ ಅದು ಲಾಡಿಹುಳು, ಚಿಗಟ ನುಂಗಿದ್ದರಿಂದ ಬಂದದ್ದು; ಜಂತಿನ ಮಾತ್ರೆಯ ಜೊತೆ ಚಿಗಟಕ್ಕೂ ಔಷಧಿ ಮಾಡದಿದ್ದರೆ ತಿಂಗಳಲ್ಲಿ ವಾಪಸ್ಸು.

ಮೂರನೆಯದು ಇಲಿ ಪಾಷಾಣ. ಅಟ್ಟದಲ್ಲಿ ಪಾಷಾಣವೂ ಬೆಕ್ಕೂ ಒಟ್ಟಿಗೆ ಇರಲಾಗದು. ಪಾಷಾಣ ತಿಂದು ತೂರಾಡುವ ಇಲಿಯೇ ಬೆಕ್ಕಿಗೆ ಸುಲಭದ ತುತ್ತು. ಬ್ರೊಮಾಡಿಯೊಲೋನ್ ಕೇಕ್ ಆದರೆ ಲಕ್ಷಣ ಮೂರ್ನಾಲ್ಕು ದಿನ ತಡವಾಗಿ ಕಾಣುತ್ತದೆ: ವಸಡು ಬಿಳಿಚುತ್ತದೆ, ಒಳಗೆ ರಕ್ತ ಸೋರುತ್ತದೆ. ಇದಕ್ಕೆ ‘ಕೆ1’ ಜೀವಸತ್ವದ ಚಿಕಿತ್ಸೆಯಿದೆ, ಬೇಗ ಹೋದರೆ ಉಳಿಯುತ್ತದೆ. ಜಿಂಕ್ ಫಾಸ್ಫೈಡ್ ಪುಡಿಯಾದರೆ ಗಂಟೆಗಳ ಆಟ. ಪೊಟ್ಟಣ ಸಮೇತ ವೈದ್ಯರ ಹತ್ತಿರ ಹೋಗಿ. ವಾಂತಿ ಮಾಡಿಸಲು ಉಪ್ಪುನೀರು ಕುಡಿಸಿದರೆ ಉಪ್ಪೇ ಇನ್ನೊಂದು ವಿಷವಾಗುತ್ತದೆ. ಪಾಷಾಣದ ಬದಲು ಬೋನು ಇಡಿ. ಅಂಟಿನ ಹಲಗೆ ಇಟ್ಟು ಅದಕ್ಕೆ ಬೆಕ್ಕೇ ಸಿಕ್ಕಿಕೊಂಡರೆ ಎಳೆಯಬೇಡಿ. ಕಡಲೆಕಾಯಿ ಎಣ್ಣೆ ಧಾರಾಳವಾಗಿ ಹಚ್ಚಿ, ಹತ್ತು ನಿಮಿಷ ಬಿಟ್ಟು, ಬೆರಳಲ್ಲೇ ಕೂದಲು ಬಿಡಿಸುತ್ತಾ ಹೋಗಿ.

ಲಸಿಕೆ, ಆಪರೇಷನ್

ಎಂಟನೇ ವಾರಕ್ಕೆ ಮೂರು ರೋಗಗಳ ಟ್ರೈಕ್ಯಾಟ್ ಲಸಿಕೆ, ಹನ್ನೆರಡನೇ ವಾರಕ್ಕೆ ಮತ್ತೊಮ್ಮೆ. ಕೆಲವು ವೈದ್ಯರು ಹದಿನಾರಕ್ಕೆ ಮೂರನೆಯದನ್ನೂ ಹಾಕುತ್ತಾರೆ. ಮೂರು ತಿಂಗಳು ತುಂಬಿದ ಮೇಲೆ ರೇಬೀಸ್ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ಹೊರಗೆ ಹೋಗದ ಬೆಕ್ಕಿಗೆ ಯಾಕೆ ಅನ್ನಬೇಡಿ. ಪಾನ್‌ಲ್ಯುಕೋಪೀನಿಯಾ, ಅಂದರೆ ಜನ ಕ್ಯಾಟ್ ಪಾರ್ವೊ ಅನ್ನುವ ರೋಗದ ವೈರಸ್ ಚಪ್ಪಲಿಯಲ್ಲೂ ಬರುತ್ತದೆ, ನೆಲದಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಬೆಕ್ಕಿನ ಲಸಿಕೆ ಎಲ್ಲ ಕಡೆ ದಾಸ್ತಾನು ಇರದು, ಹೋಗುವ ಮುಂಚೆ ಫೋನ್ ಮಾಡಿ.

ಪರಚಿದರೆ, ಕಚ್ಚಿದರೆ, ಅದರಲ್ಲೂ ಬೀದಿ ಬೆಕ್ಕಾದರೆ, ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಗಾಯಕ್ಕೆ ಅರಿಶಿನ, ಸುಣ್ಣ ಮೆತ್ತಬೇಡಿ.

ನಾಲ್ಕೈದು ತಿಂಗಳಿಗೇ ಹೆಣ್ಣು ಬೆಕ್ಕು ಬೆದೆಗೆ ಬರಬಹುದು. ಮಗು ಅತ್ತಂತೆ ರಾತ್ರಿಯಿಡೀ ಕೂಗುತ್ತದೆ, ಹೊರಳುತ್ತದೆ, ಬೆನ್ನು ಸವರಿದರೆ ಹಿಂಭಾಗ ಎತ್ತುತ್ತದೆ. ಹೊಟ್ಟೆನೋವೆಂದು ತಿಳಿದು ಗಾಬರಿಯಾಗುವವರೇ ಹೆಚ್ಚು. ಗಬ್ಬದ ಅವಧಿ 63ರಿಂದ 65 ದಿನ, ಮರಿಗೆ ಹಾಲೂಡಿಸುತ್ತಿರುವಾಗಲೇ ಮತ್ತೆ ಗಬ್ಬವಾಗಬಹುದು. ಬೆದೆ ನಿಲ್ಲಿಸುವ ಮಾತ್ರೆ, ಇಂಜೆಕ್ಷನ್ ಹಾಕಿಸುತ್ತಾ ಹೋದರೆ ಗರ್ಭಕೋಶದಲ್ಲಿ ಕೀವು, ಕೆಚ್ಚಲಲ್ಲಿ ಗೆಡ್ಡೆ. ಆಪರೇಷನ್ನೇ ಸರಿ. ಆಮೇಲೆ ಹತ್ತು ದಿನ ಹೊಲಿಗೆ ನೆಕ್ಕದಂತೆ ಮಗುವಿನ ಹಳೆ ಬನಿಯನ್ನಿಗೆ ನಾಲ್ಕು ತೂತು ಮಾಡಿ ತೊಡಿಸಬಹುದು. ಕುತ್ತಿಗೆಗೆ ಕೊಡುವ ಕೋನ್ ಹಾಕಿದರೆ ಕೆಲವು ಬೆಕ್ಕು ಗೋಡೆಗೆ ಮುಖ ಮಾಡಿ ಮುನಿಸಿಕೊಂಡು ಕೂರುತ್ತವೆ. ಗಂಡಿಗೂ ಮಾಡಿಸಿ, ಸೋಫಾಕ್ಕೆ ಉಚ್ಚೆ ಚಿಮ್ಮಿಸುವುದು ಬಹುಪಾಲು ನಿಲ್ಲುತ್ತದೆ. ಆದರೆ ಆಪರೇಷನ್ ಆದ ಮೇಲೂ ಕೆಲವು ವಾರ ಗಂಡು ಬೆಕ್ಕು ಮರಿ ಹುಟ್ಟಿಸಬಲ್ಲದು, ಬೇರೆ ಇಡಿ.

ತೆಂಗಿನ ಬುಡದ ಬದಲಿಗೆ

ಖುಷಿಯಾದ ಬೆಕ್ಕು ಬಾಲ ಕಂಬದಂತೆ ನೆಟ್ಟಗೆ ಎತ್ತಿ ಬರುತ್ತದೆ, ತೊಡೆಯ ಮೇಲೆ ಮುಂಗಾಲಲ್ಲಿ ಹಿಟ್ಟು ನಾದುತ್ತದೆ, ಕಣ್ಣನ್ನು ನಿಧಾನವಾಗಿ ಮುಚ್ಚಿ ತೆರೆಯುತ್ತದೆ. ನೀವೂ ಹಾಗೇ ಮುಚ್ಚಿ ತೆರೆಯಿರಿ, ಉತ್ತರ ಬರುತ್ತದೆ. ಗುರುಗುಟ್ಟುವುದನ್ನು ಮಾತ್ರ ಪೂರ್ತಿ ನಂಬಬೇಡಿ, ನೋವಿನಲ್ಲೂ ಗುರುಗುಟ್ಟುತ್ತದೆ. ಊಟ ಬಿಟ್ಟು ಮೂಲೆ ಸೇರಿ ಗುರುಗುಟ್ಟುತ್ತಿದ್ದರೆ ಅದು ಖುಷಿಯಲ್ಲ.

ಪರಚುವುದು ತುಂಟತನವಲ್ಲ, ಹಳೆ ಉಗುರಿನ ಸಿಪ್ಪೆ ಕಳಚುವ, ಬೆನ್ನು ಚಾಚುವ, ಇದು ನನ್ನ ಜಾಗ ಎಂದು ಗುರುತು ಹಾಕುವ ಕೆಲಸ. ಹೊಡೆದರೆ ನಿಲ್ಲದು, ಕಂಬ ಕೊಟ್ಟರೆ ಸೋಫಾ ಉಳಿಯುತ್ತದೆ. ನಾಲ್ಕಿಂಚು ದಪ್ಪ, ಎರಡೂಮುಕ್ಕಾಲು ಅಡಿ ಎತ್ತರದ ಗುಂಡು ಮರದ ತುಂಡು ತನ್ನಿ. ಬೆಕ್ಕು ಹಿಂಗಾಲ ಮೇಲೆ ನಿಂತು ಪೂರ್ತಿ ಚಾಚುವಷ್ಟು ಎತ್ತರ ಬೇಕೇಬೇಕು. ಒಂದೂವರೆ ಅಡಿ ಚೌಕದ ಹಲಗೆಗೆ ಕೆಳಗಿನಿಂದ ನಾಲ್ಕು ಸ್ಕ್ರೂ ಹಾಕಿ ನಿಲ್ಲಿಸಿ, ಹಲಗೆಯ ಮೇಲೆ ಒಂದು ಕಲ್ಲು ಚಪ್ಪಡಿ ಭಾರಕ್ಕೆ. ಬುಡ ಒಂದು ಸಲ ಅಲ್ಲಾಡಿದರೂ ಬೆಕ್ಕು ಎರಡನೇ ಸಲ ಹತ್ತಿರ ಬಾರದು. 8 ಎಂ.ಎಂ. ನಾರಿನ ಹಗ್ಗ ಸುಮಾರು 27 ಮೀಟರ್ ತಂದು, ಕೆಳಗಿನಿಂದ ಎರಡಡಿಯವರೆಗೆ ಸಂದಿಲ್ಲದಂತೆ ಬಿಗಿಯಾಗಿ ಸುತ್ತಿ, ಎರಡೂ ತುದಿಗೆ ಯು-ಮೊಳೆ ಹೊಡೆಯಿರಿ. ಹಗ್ಗ ಒದ್ದೆ ಮಾಡಿ ಸುತ್ತಿದರೆ ಒಣಗಿದ ಮೇಲೆ ಸಡಿಲವಾಗುತ್ತದೆ, ಒಣಹಗ್ಗವೇ ಇರಲಿ.

ಕಂಬವನ್ನು ಯಾರಿಗೂ ಕಾಣದ ಮೂಲೆಯಲ್ಲಿಟ್ಟರೆ ಪ್ರಯೋಜನವಿಲ್ಲ. ಈಗ ಪರಚುತ್ತಿರುವ ಸೋಫಾದ ಪಕ್ಕದಲ್ಲೇ ಇಡಿ, ನಿದ್ದೆಯಿಂದೆದ್ದಾಗ ಅದರ ಹತ್ತಿರ ಒಂದು ದಾರ ಆಡಿಸಿ. ಆರು ತಿಂಗಳಿಗೆ ಹಗ್ಗ ಜೂಲು ಜೂಲಾಗಿ ನೋಡಲು ಅಸಹ್ಯವಾಗುತ್ತದೆ. ನೆಂಟರು ಬರುತ್ತಾರೆಂದು ಹೊಸ ಹಗ್ಗ ಸುತ್ತಿಬಿಡಬೇಡಿ, ಬೆಕ್ಕಿಗೆ ಆ ಜೂಲೇ ಇಷ್ಟ.